ಹಡಗು ಕಳೆದುಕೊಂಡವನ ಹೆಸರು

ನಮ್ಮ ಇತಿಹಾಸದ ಮೇಡಂ ಅವರ ಬೆರಳ ತುದಿಗಳು ಬೆಂದು ಬೆಳ್ಳಗಾಗಿ ಒರಟಾಗಿದ್ದವು. ಶಿಡ್ಲಘಟ್ಟದ ಅವರ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು; ಹುಡುಗಿಯಾಗಿದ್ದಾಗ ಕುದಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಆದ ಗುರುತು ಅದು. ಆ ಬೆರಳಲ್ಲಿ ಸೀಮೆಸುಣ್ಣ ಹಿಡಿದರೆ ಒಂದೇ ಗೆರೆಯಲ್ಲಿ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ಕಪ್ಪುಹಲಗೆಯ ಮೇಲೆ ಇಳಿದುಬಿಡುತ್ತಿತ್ತು.

ಮೇಡಂಗೆ ಇದ್ದದ್ದು ಒಂದೇ ಹುಚ್ಚು. ರಾಜರಿಂದಲೋ ಕಂಪನಿಯಿಂದಲೋ ಪರವಾನಗಿ ಪಡೆದು, ಕಡಲಲ್ಲಿ ಬೇರೆಯವರ ಹಡಗು ದೋಚುತ್ತಿದ್ದವರ ಚರಿತ್ರೆ. “ಕುಡಿಯೋ ನೀರಿಗೇ ಟ್ಯಾಂಕರ್ ಕಾಯೋ ಊರಲ್ಲಿ ಈಯಮ್ಮಂಗೆ ಸಮುದ್ರದ ಚಿಂತೆ” ಎಂದು ಕಾಲೇಜಿನಲ್ಲಿ ಆಡಿಕೊಳ್ಳುತ್ತಿದ್ದರು. ಮೇಡಂ ಕೂಡ ನಗುತ್ತಿದ್ದರು. ಪಾಠದ ಕೊನೆಗೆ ಮಾತ್ರ ತಪ್ಪದೆ ಕೇಳುತ್ತಿದ್ದರು: “ದೋಚಿದೋನಿಗೆ ರಾಜನ ಮೊಹರಿತ್ತು, ಸರಿ. ಹಡಗು ಕಳ್ಕೊಂಡೋನ ಹೆಸರೇನಮ್ಮ?” ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಂ.ಎ. ಮುಗಿಸಿ, ಅದರ ಮೇಲೇ ಸಂಶೋಧನೆ ಮಾಡುತ್ತೇನೆ, ಕರಾವಳಿಗೆ ಹೋಗಬೇಕು ಎಂದಾಗ ಅಪ್ಪ ಒಪ್ಪಲಿಲ್ಲ. ಮೇಲೂರಿನಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ನಮ್ಮಪ್ಪ ಒಮ್ಮೆ ಬೇಡವೆಂದರೆ ಮುಗಿಯಿತು. ಊಟ ಬಿಟ್ಟು ಕೂತೆ, ಅದಕ್ಕೂ ಜಗ್ಗಲಿಲ್ಲ. ಸುದ್ದಿ ತಿಳಿದ ಮೇಡಂ ಬಸ್ಸು ಹತ್ತಿ ಮನೆಗೇ ಬಂದರು.

“ಕಳ್ಳರ ಕತೆ ಓದಿ ಇವಳೇನ್ ಮಾಡ್ತಾಳೆ ಮೇಡಂ?” ಎಂದರು ಅಪ್ಪ.

“ಗೌಡ್ರೇ, ಆಗಿನ ಕಾಲದಲ್ಲಿ ಗೂಡು ಮಾರೋಕೆ ಹೋದ್ರೆ, ಕೊಳ್ಳೋರು ನಿಮ್ಮ ಬುಟ್ಟಿಗೆ ಕೈ ಹಾಕಿ ಹಿಡಿ ಎತ್ಕೊಂಡು ಹೋಗ್ತಿದ್ರಲ್ಲ, ಏನಂತಿದ್ರು ಅದಕ್ಕೆ?”

ಅಪ್ಪನಿಗೆ ಅದು ಹಳೆಯ ಉರಿ. “ಸ್ಯಾಂಪಲ್ ಅಂತಿದ್ರು! ಬಂದೋರೆಲ್ಲಾ ಒಂದೊಂದು ಹಿಡಿ. ಯಾಕಪ್ಪಾ ಅಂದ್ರೆ, ಪದ್ಧತಿ ಅನ್ನೋರು.”

“ನೂಲು ಬಿಚ್ಚೋಕೆ ಗೂಡು ಕೊಳ್ತಿದ್ದ ನಮ್ಮಪ್ಪ, ನಮ್ಮ ಅಬ್ಬಾನೂ ಹಂಗೆ ಎತ್ತಿದ್ದಾರೆ. ನಾನು ಓದಿದ್ದು ಆ ಗೂಡಲ್ಲೇ. ಎತ್ಕೊಂಡು ಹೋದೋರ ಕತೆ ನಾನು ಹೇಳಿದ್ದಾಯ್ತು ಗೌಡ್ರೇ. ಬುಟ್ಟಿ ತಂದೋರ ಕಡೆಯಿಂದ ನಿಮ್ಮ ಮಗಳು ಬರೀಲಿ.”

ಅಪ್ಪ ಅಮ್ಮನಿಗೆ ಕಾಫಿ ಇಡಲು ಹೇಳಿದರು. “ಯಾವತ್ತು ಹೊರಡ್ಬೇಕಮ್ಮ?” ಎಂದು ನನ್ನನ್ನು ಕೇಳಿದ್ದು ಮೇಡಂ ಹೋದ ಮೇಲೆ. ತಮ್ಮ ಹೆತ್ತ ತಂದೆಯನ್ನೇ ಕಟಕಟೆಗೆ ನಿಲ್ಲಿಸಿ ನನಗೆ ದಾರಿ ಬಿಡಿಸಿಕೊಟ್ಟ ಅವರ ಋಣ ನನ್ನಿಂದ ತೀರುವಂಥದ್ದಲ್ಲ.

ಹೋದ ವರ್ಷ ಕುಂದಾಪುರದ ಆಚೆಯ ಒಂದು ಊರಿನಲ್ಲಿ ಒಬ್ಬ ಅಜ್ಜಿ, ಅಕ್ಕಿ ತುಂಬಿದ್ದ ತಮ್ಮ ಮನೆತನದ ಹಾಯಿಹಡಗು ತಲೆಮಾರುಗಳ ಹಿಂದೆ ಲೂಟಿಯಾದ ಕತೆ ಹೇಳಿದರು. ಅದರ ಒಡೆಯನ ಹೆಸರನ್ನೂ ಹೇಳಿದರು. ಕೂಡಲೇ ಮೇಡಂಗೆ ಫೋನ್ ಮಾಡಿದೆ; ಯಾರೂ ಎತ್ತಲಿಲ್ಲ. ಸಂಜೆ ಅಪ್ಪನ ಫೋನ್ ಬಂತು.

“ಮೇಡಂ ಹೋಗ್ಬಿಟ್ರು ಕಣಮ್ಮ. ನಾಳೆ ಬೆಳಗ್ಗೆ ಮಣ್ಣು ಮಾಡ್ತಾರಂತೆ. ನೀನು ಅಷ್ಟು ದೂರದಿಂದ ಓಡಿ ಬರ್ಬೇಡ, ನಾನು ಹೋಗಿ ಬರ್ತೀನಿ.”

“ಅಪ್ಪಾ, ಹೆಸರು ಸಿಕ್ತು” ಎಂದಷ್ಟೇ ಅಂದೆ.

ಅಪ್ಪ ಹೇಳಿದರು: “ಏನು ಹೆಸರು, ಸರಿಯಾಗಿ ಹೇಳಮ್ಮ. ಮಣ್ಣು ಹಾಕೋವಾಗ ಆಯಮ್ಮಂಗೆ ಹೇಳಿ ಬರ್ತೀನಿ.”