ಅಕ್ಕೋರು ತಿದ್ದಿದ ಗುಮ್ಮಟ

ನನ್ನ ಮುಖ ನೋಡಬೇಕಾದರೆ ಅಕ್ಕೋರು ನನ್ನ ಕಿವಿಯ ಕಡೆ ನೋಡುತ್ತಿದ್ದರು. ಅವರ ಎರಡೂ ಕಣ್ಣುಗಳ ನಡುಭಾಗ ಮಸುಕಾಗಿತ್ತು. ಅಂಚಿನಲ್ಲಿ ಮಾತ್ರ ಒಂದಿಷ್ಟು ದೃಷ್ಟಿ ಉಳಿದಿತ್ತು. ಮಂಡ್ಯ ಕಡೆಯವಳಾದ ನಾನು ಎದುರಿಗೆ ಬಂದರೆ ಗುಬ್ಬಿಯ ಹಾಗೆ ಕತ್ತು ಓರೆ ಮಾಡಿ, "ಮಂಡ್ಯದಾಕಿ ಏನವಾ?" ಎನ್ನುತ್ತಿದ್ದರು.

ಅಮೆರಿಕದ ಕ್ಯಾಂಪ್‌ಬೆಲ್‌ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆ ಅವರದು, ಮಗಳ ಜೊತೆ. ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವರು. ಆ ಕಡೆ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರೆ. ನಾವೂ ಹಾಗೇ ಕರೆದೆವು. ನಾನು ಆಫೀಸಿನಿಂದ ಬರುವವರೆಗೆ ನನ್ನ ಎಂಟು ವರ್ಷದ ಮಗಳು ಅವರ ಹತ್ತಿರವೇ ಇರುತ್ತಿದ್ದಳು. ಅವರು ಗದಗಿನ ಕನ್ನಡದಲ್ಲಿ ಹೇಳುವುದು, ಇವಳು ಇಂಗ್ಲಿಷಿನಲ್ಲಿ ಕೇಳುವುದು. ಇಬ್ಬರಿಗೂ ಯಾವ ತೊಂದರೆಯೂ ಇರಲಿಲ್ಲ.

ಹೇಳುತ್ತಿದ್ದದ್ದು ಹೆಚ್ಚಾಗಿ ರೋಮ್ ವಿಷಯ. "ಕೊಲೋಸಿಯಮ್‌ಗೆ ಎಂಬತ್ತು ಬಾಗಿಲಾ. ಆಟ ನೋಡಿ ಅಷ್ಟು ಮಂದಿ ಹೊರಗ ಬಂದ್ರೂ ನಮ್ಮ ಟಾಕೀಸಿನ್ಯಾಗ ಆದಂಗ ನೂಕಾಟ ಇಲ್ಲ." ಬೀದಿ ಬೀದಿ ತಿರುಗಿ ಬಂದವರಂತೆ ಮಾತು. ನಾನೂ ಹಾಗೇ ತಿಳಿದಿದ್ದೆ. ಒಂದು ದಿನ, "ಯಾವಾಗ ಹೋಗಿದ್ರಿ ಅಕ್ಕೋರೇ?" ಎಂದೆ.

"ಎಲ್ಲಿ ಹೋಗ್ಲಿ? ಪಾಸ್‌ಪೋರ್ಟ್ ಮಾಡಿಸಿದ್ದ ಇಲ್ಲಿ ಮಗಳ ಹತ್ರ ಬರಾಕ."

ಪಠ್ಯಪುಸ್ತಕದಲ್ಲಿ ರೋಮಿನ ಹೆಬ್ಬೆರಳಷ್ಟು ಕಪ್ಪು-ಬಿಳುಪು ಚಿತ್ರಗಳಿದ್ದವಂತೆ. ಅವನ್ನೇ ನೋಡಿ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಬರೆಯುತ್ತಿದ್ದರು. ಪಾಠದ ದಿನ ಬೆಳಿಗ್ಗೆ ಬೇಗ ಹೋಗಿ ಬರೆದಿಟ್ಟರೆ, ಮುಂದಿನ ಪಿರಿಯಡ್ಡಿನ ಗಣಿತದ ಮಾಸ್ತರರೂ ಅಳಿಸುತ್ತಿರಲಿಲ್ಲವಂತೆ. ಆಸೆ ಶುರುವಾದದ್ದು ಅಲ್ಲಿ. ಆಮೇಲೆ ಮನೆ, ಗಂಡನ ಕಾಯಿಲೆ, ಮಗಳ ಓದು. ಎಲ್ಲ ಮುಗಿಯುವ ಹೊತ್ತಿಗೆ ಕಣ್ಣು ಹೋಗತೊಡಗಿತ್ತು.

"ಕಾಣದೇ ಇರೋರನ್ನ ಕರ್ಕೊಂಡು ಹೋಗಿ ಏನು ತೋರಿಸೋದು?" ಎಂದು ಅವರ ಮಗಳು ಒಮ್ಮೆ ನನ್ನ ಹತ್ತಿರ ಮೆಲ್ಲಗೆ ಅಂದಳು. ಒಳಗಿನಿಂದ ಅಕ್ಕೋರ ದನಿ ಬಂತು: "ಹೊಸದಾಗಿ ನೋಡೂದೇನೈತಿ? ಎಲ್ಲಾ ಗೊತ್ತೈತಿ. ಇದ ಅದೇನು ಅಂತ ಗುರ್ತು ಹಿಡಿಯೂದಷ್ಟ."

ಅವರ ಮಗಳು ತಲೆ ತಗ್ಗಿಸಿದಳು. ಆ ವರ್ಷ ಶಾಲೆಯ ಸ್ಪ್ರಿಂಗ್ ಬ್ರೇಕ್ ರಜೆಗೆ ಅವರಿಬ್ಬರು, ನಾನು, ನನ್ನ ಮಗಳು, ನಾಲ್ವರೂ ರೋಮ್‌ಗೆ ಹೋದೆವು.

ಕೊಲೋಸಿಯಮ್ಮಿನ ಕಲ್ಲಿಗೆ ಅವರು ಅಂಗೈ ಇಟ್ಟರು. "ಬಾಳ ಒರಟೈತಿ," ಎಂದರು, ಸಂತೋಷದಿಂದ. ನನ್ನ ಮಗಳು ಅವರ ಕೈ ಹಿಡಿದು, "ಅಜ್ಜಿ, ಸ್ಟೆಪ್. ಒನ್ ಮೋರ್ ಸ್ಟೆಪ್," ಎನ್ನುತ್ತ ನಡೆಸಿದಳು. ಕಮಾನುಗಳನ್ನು ಅಕ್ಕೋರೇ ನಮಗೆ ವಿವರಿಸಿದರು. ಒಂದೂ ತಪ್ಪಲಿಲ್ಲ.

ಮರುದಿನ ಪ್ಯಾಂಥಿಯನ್, ರೋಮನ್ನರ ಹಳೆಯ ಗುಮ್ಮಟದ ದೇವಾಲಯ. ದೊಡ್ಡ ಕಂಬಗಳನ್ನು ದಾಟಿ ಒಳಗೆ ಹೋದೆವು. ನಾಲ್ಕು ಹೆಜ್ಜೆ ಇಟ್ಟವರು ಗಕ್ಕನೆ ನಿಂತರು.

"ಇಲ್ಲಿ ಬೆಳಕ್ಯಾಕ ಬಿದ್ದೈತಿ?"

"ದೇರ್ಸ್ ಎ ಹೋಲ್ ಇನ್ ದ ರೂಫ್, ಅಜ್ಜಿ!" ಎಂದಳು ನನ್ನ ಮಗಳು.

"ಹೌದು ಅಕ್ಕೋರೇ," ನಾನೂ ಹೇಳಿದೆ. "ಗುಮ್ಮಟದ ನೆತ್ತಿ ತೆರೆದಿದೆ. ಆಕಾಶ ಕಾಣ್ತಾ ಇದೆ."

ಅವರ ಮುಖ ಇಳಿಯಿತು. ಹುಷಾರು ತಪ್ಪಿತೇನೋ ಎಂದು ಬೆಂಚಿನ ಮೇಲೆ ಕೂರಿಸಿದೆವು. ಅಲ್ಲಿ ಕುಳಿತು ಹೇಳಿದರು. ಪುಸ್ತಕದ ಚಿತ್ರದಲ್ಲಿ ಕಂಬಗಳಷ್ಟೇ ಕಾಣುತ್ತಿದ್ದವು. ವಿಜಾಪುರದ ಗೋಲಗುಮ್ಮಟವನ್ನು ನೋಡಿದ್ದ ಅವರು ಇದನ್ನೂ ಹಾಗೇ ಮುಚ್ಚಿ ಬರೆದು, ರೋಮನ್ನರು ಒಳಗೆ ದೀಪ ಹಚ್ಚುತ್ತಿದ್ದರು ಎಂದು ಹೇಳಿಕೊಟ್ಟಿದ್ದರು. "ಒಬ್ಬಾಕಿ ಎದ್ದು ನಿಂತು, ಕಿಟಕಿ ಇಲ್ಲಂದ್ರ ಹಗಲಿನ್ಯಾಗೂ ದೀಪ ಏನ್ರಿ ಅಕ್ಕೋರ, ಅಂತ ಕೇಳಿದ್ಲು. ಎಲ್ಲಾ ನಕ್ರು. ನನಗ ಸಿಟ್ಟು ಬಂತು. ಪಿರಿಯಡ್ ಮುಗಿಯೂತನಕ ಬೆಂಚಿನ ಮ್ಯಾಲ ನಿಲ್ಲಿಸಿದೆ." ಕತ್ತು ಓರೆ ಮಾಡಿ ಮೇಲೆ ನೋಡಿ, "ಆಕಿ ಕೇಳಿದ್ದು ಖರೇ ಇತ್ತಲ್ಲ, ತಂಗಿ," ಎಂದರು.

ಕ್ಯಾಂಪ್‌ಬೆಲ್‌ಗೆ ವಾಪಸು ಬಂದ ಮೇಲೆ ಅಕ್ಕೋರಿಗೆ ಒಂದೇ ಹಟ. ಆ ಹುಡುಗಿಯನ್ನು ಹುಡುಕಬೇಕು. ಅವರ ಮಗಳು ಗದಗಿನ ನೆಂಟರಿಗೆ ಫೋನು ಮಾಡಿ ಮಾಡಿ, ಎರಡು ತಿಂಗಳಿಗೆ ನಂಬರು ಸಿಕ್ಕಿತು. ಆ ಹುಡುಗಿಗೆ ಈಗ ಐವತ್ತರ ಹತ್ತಿರ. ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಒಂದು ಶನಿವಾರ ಸಂಜೆ, ಗದಗಿನಲ್ಲಿ ಭಾನುವಾರ ಬೆಳಿಗ್ಗೆ, ನಾನೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅಕ್ಕೋರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

"ನಾ ನಿನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ದು ನೆನಪೈತೇನವಾ?"

"ಐತ್ರಿ ಅಕ್ಕೋರ. ಆವತ್ತಿಂದ ನಾ ಕ್ಲಾಸಿನ್ಯಾಗ ಏನೂ ಕೇಳಲಿಲ್ರಿ."

ಅಕ್ಕೋರು ಫೋನಿನ ಹತ್ತಿರ ಬಾಗಿದರು. "ತಪ್ಪು ನಂದು. ಅಲ್ಲಿ ಗುಮ್ಮಟ ಮುಚ್ಚಿಲ್ಲ, ತೆರದೈತಿ. ನಾ ಹೋಗಿ ನೋಡಿಬಂದೆ. ಈಗ ಕೇಳವಾ, ಏನ ಕೇಳ್ತಿ."

ಐವತ್ತರ ಆ ಹೆಂಗಸು, ಹೈಸ್ಕೂಲು ಹುಡುಗಿಯ ದನಿಯಲ್ಲಿ, "ಹಂಗಾರ ಮಳಿ ಬಂದ್ರ ಏನ್ ಮಾಡ್ತಾರ್ರಿ?" ಎಂದಳು.

ಅಕ್ಕೋರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. "ಭಲೆ! ನೆಲದಾಗ ಸಣ್ಣ ಸಣ್ಣ ತೂತದಾವ. ನೀರು ಹರಕೊಂಡು ಹೋಗ್ತದ."

ಅಂದಿನಿಂದ ಪ್ರತಿ ಶನಿವಾರ ಆಕೆ ಒಂದು ಪ್ರಶ್ನೆ ಕೇಳುವುದು, ಇವರು ಉತ್ತರ ಹೇಳುವುದು. ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲವಾ, ಮುಂದಿನ ವಾರ ಹೇಳ್ತೀನಿ," ಎಂದು ನನ್ನಿಂದ ಓದಿಸಿಕೊಳ್ಳುತ್ತಿದ್ದರು. ನನ್ನ ಮಗಳು ಏನಾದರೂ ಕೇಳಿದರೆ "ಆಮೇಲೆ" ಎಂದು ಜಾರಿಕೊಳ್ಳುತ್ತಿದ್ದವಳು ನಾನು. ಗೊತ್ತಿಲ್ಲ ಎನ್ನುವುದನ್ನು ನಾಚಿಕೆಯಿಲ್ಲದೆ ಹೇಳಲು ನಾನು ಕಲಿತದ್ದು ಆ ಶನಿವಾರಗಳಲ್ಲಿ.

ಕಳೆದ ಚಳಿಗಾಲದಲ್ಲಿ ಅಕ್ಕೋರು ಎದೆಗೆ ಕಫ ಕಟ್ಟಿ ಒಂದು ವಾರ ಮಲಗಿದರು. ಮತ್ತೆ ಏಳಲಿಲ್ಲ. ಗದಗಿನ ಆಕೆಗೆ ಸುದ್ದಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಅಳಲಿಲ್ಲ. ಹಿಂದೆ ಹೊಲಿಗೆ ಮಷೀನಿನ ಸದ್ದು ನಿಂತದ್ದು ಮಾತ್ರ ಕೇಳಿಸಿತು.

"ಈ ವಾರದ್ದು ಒಂದ್ ಪ್ರಶ್ನಿ ಇಟಗೊಂಡಿದ್ದೆರಿ," ಎಂದಳು.

"ನನಗೆ ಹೇಳಿ. ಓದಿ ತಿಳಿಸ್ತೀನಿ," ಎಂದೆ.

"ಬ್ಯಾಡ್ರಿ," ಎಂದಳು. "ಅದು ಅಕ್ಕೋರಿಗೇ ಕೇಳೂದಿತ್ತು."