ನಳಕ್ಕೆ ಸುತ್ತಿದ ತಂತಿ

ತೊಂಬತ್ತರ ದಶಕದ ನಡುವೆ ಸೋಲಾಪುರದಲ್ಲಿ ನನ್ನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ಐಟಿಐಯಲ್ಲಿ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತಿದ್ದ ಗೆಳೆಯ ಪುಣೆಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದು, ನನ್ನ ಎದುರಿಗೇ ಗಾಜಿನ ಬಾಗಿಲಿನ ಅಂಗಡಿ ತೆಗೆದ. ಜನ ಅವನಿಗೆ ‘ಸಾಹೇಬ್ರ’ ಅನ್ನುತ್ತಿದ್ದರು. ನನ್ನನ್ನು ‘ಏ ರೇಡಿಯೋ’ ಅಂತ ಕೂಗುತ್ತಿದ್ದರು. ಪರೀಕ್ಷೆಯಲ್ಲಿ ನನ್ನ ಹಾಳೆ ನೋಡಿ ಬರೆದವನು ಅವನು! ಅವನು ಫ್ಯಾನಿನ ಕೆಳಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತದ್ದನ್ನು ನೋಡಲಾಗದೆ ನಾನು ಮಧ್ಯಾಹ್ನದ ರೊಟ್ಟಿಯನ್ನು ಬೀದಿಗೆ ಬೆನ್ನು ಹಾಕಿ ತಿನ್ನುತ್ತಿದ್ದೆ.

ಒಂದು ಬೇಸಿಗೆ ಅವನಿಗೆ ಅಕ್ಕಲಕೋಟೆಯಿಂದ ಫೋನ್ ಬಂತು. ಅಲ್ಲಿ ಕೋರ್ಟಿನ ಕಾಗದ ಟೈಪ್ ಮಾಡಿಕೊಡುವ ಯಜಮಾನರೊಬ್ಬರ ಪ್ರಿಂಟರ್ ಕರೆಂಟಿನ ಹೊಡೆತಕ್ಕೆ ಸುಟ್ಟಿತ್ತು. ಸಣ್ಣ ಸೋಲ್ಡರಿಂಗ್ ಅವನ ಕೈಲಾಗದು. ನನ್ನ ಅಂಗಡಿಗೆ ಬಂದ.

“ನಿನ್ನ ಕೈ ಛಲೋ ಅದ. ಬಾ, ಒಂದ ಐಸಿ ಬದಲಿ ಮಾಡಿ ಬರೋಣು.”

ಕೂಲಿಯವನನ್ನು ಕರೆದಂತೆ ಕರೆಯುತ್ತಾನಲ್ಲ ಎಂದು ಮೈ ಉರಿಯಿತು. ಆದರೂ ಹೋದೆ. ಪ್ರಿಂಟರಿನ ಒಳಗೆ ಏನಿರುತ್ತದೆ ಎಂದು ನೋಡುವ ಆಸೆ ನನಗೂ ಇತ್ತು.

ಕಂಪ್ಯೂಟರಿನ ಕೇಬಲ್ ಬಂದು ಸೇರುವಲ್ಲಿ ಒಂದು ಐಸಿ ಚಿಪ್ ಸಿಡಿದು ಕರ್ರಗಾಗಿತ್ತು. ಅದರ ಇಪ್ಪತ್ತು ಕಾಲು ಬಿಡಿಸಿ ಹೊಸದನ್ನು ಕೂರಿಸಿದೆ. ಪ್ರಿಂಟರ್ ಕಿರ್ರೆಂದು ಮರಾಠಿ ಅಕ್ಷರ ಹೊಡೆಯತೊಡಗಿತು. ಯಜಮಾನರು ಅವನ ಕೈ ಹಿಡಿದು, “ಸಾಹೇಬ್ರ, ನಿಮ್ಮಿಂದ ನನ್ನ ಧಂದಾ ಉಳೀತ್ರಿ” ಅಂದರು. ನನಗೆ, “ಹೊರಗ ನಳ ಅದ, ಕೈ ತೊಳಕೋ” ಅಂದರು.

ನಮ್ಮ ಕಡೆ ಆಗ ಅರ್ಥಿಂಗ್ ಅಂದರೆ ನಳದ ಕಬ್ಬಿಣದ ಪೈಪಿಗೆ ತಂತಿ ಸುತ್ತಿಬಿಡುವುದು. ಪೈಪು ನೆಲದೊಳಗೆ ಹೋಗುತ್ತದಲ್ಲ, ಸೋರಿದ ಕರೆಂಟೂ ಹೋಗುತ್ತದೆ. ಇಲ್ಲಿಯೂ ಸುತ್ತಿದ್ದರು. ಆದರೆ ಕೆಳಗಿನ ಪೈಪನ್ನು ಈಚೆಗೆ ಬದಲಿಸಿ ಪ್ಲಾಸ್ಟಿಕ್ ಹಾಕಿದ್ದರು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯದು; ಸೋರಿದ್ದು ನೆಲಕ್ಕಿಳಿಯದೆ ಕೇಬಲ್ ಹಿಡಿದು ಪ್ರಿಂಟರಿಗೇ ನುಗ್ಗುತ್ತದೆ. ಐಸಿ ಸತ್ತದ್ದು ಇದರಿಂದಲೇ, ಮತ್ತೆ ಸಾಯುತ್ತದೆ ಎಂದು ನನಗೆ ಅಲ್ಲೇ ತಿಳಿಯಿತು. ಕೈ ಒರೆಸಿಕೊಂಡು ಒಳಗೆ ಬಂದು ಚಹಾ ಕುಡಿದೆ. ಬಾಯಿ ಬಿಡಲಿಲ್ಲ. ಸಾಹೇಬರಿಗೆ ಗೊತ್ತಿರಬೇಕಲ್ಲ!

ನಾಲ್ಕನೇ ದಿನ ಅವನು ಮುಖ ಬಾಡಿಸಿಕೊಂಡು ಬಂದ. ಪ್ರಿಂಟರ್ ಮತ್ತೆ ಸುಟ್ಟಿತ್ತು, ಜೊತೆಗೆ ಕಂಪ್ಯೂಟರೂ. ಯಜಮಾನರು ಅವನನ್ನು ಕರೆಸಿ ನಾಲ್ಕು ಜನರ ಮುಂದೆ ಮಾನ ಕಳೆದಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ತಣ್ಣಗಾಯಿತು.

“ಆ ರೇಡಿಯೋದಾಂವನ ಕೈ ಹಚ್ಚಿಸಿ ಕೆಡಿಸಿದಿ ಅಂದ್ರು,” ಅಂದ. “ಅಂವನ ಕೆಲಸದಾಗ ತಪ್ಪ ಹುಡಕಬ್ಯಾಡ್ರಿ, ತಪ್ಪ ನಂದು ಅಂತ ಹೇಳಿ ಬಂದೀನಿ.”

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

“ನಳಕ್ಕ ಸುತ್ತಿದ ಅರ್ಥಿಂಗ್ ತಂತಿ ನೋಡು. ಕೆಳಗ ಪ್ಲಾಸ್ಟಿಕ್ ಪೈಪ್ ಅದ.”

“ಯಾವಾಗ ನೋಡಿದಿ?”

“ಅವತ್ತ. ಕೈ ತೊಳಿಯುವಾಗ.”

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಎದ್ದು ರಸ್ತೆ ದಾಟಿ ಹೋದ.

ಆಮೇಲೆ ತಾನೇ ಅಕ್ಕಲಕೋಟೆಗೆ ಹೋಗಿ, ತಗ್ಗು ತೆಗೆಸಿ ಉಪ್ಪು, ಇದ್ದಿಲು ತುಂಬಿ ಸರಿಯಾದ ಅರ್ಥಿಂಗ್ ಮಾಡಿಸಿದನಂತೆ. ಸೋಲ್ಡರಿಂಗಿಗೆ ಬೇರೊಬ್ಬನನ್ನು ಹಚ್ಚಿಕೊಂಡ. ಇಬ್ಬರೂ ಚೀಲ ಹಿಡಿದು ನಗುತ್ತ ಬಸ್ ಸ್ಟ್ಯಾಂಡಿನ ಕಡೆ ಹೋಗುವುದನ್ನು ನಾನು ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ಗೆಳೆಯನ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿತು. ಅವನ ಪಕ್ಕದಲ್ಲಿ ನಡೆಯುತ್ತಿದ್ದ ಆ ಮನುಷ್ಯನ ಮೇಲಿನದು ಇನ್ನೂ ಆರಿಲ್ಲ.