ಲ್ಯಾಪ್‌ಟಾಪಿಗೂ ವಿಭೂತಿ

ಇವತ್ತು ಆನ್‌ಲೈನ್ ಟ್ಯೂಷನ್ನಿಗೆ ಮಕ್ಕಳು ಕಾಯ್ತಿದ್ರೆ, ನನ್ನ ಲ್ಯಾಪ್‌ಟಾಪು ಆನ್ ಆಗಿ, ಆಫ್ ಆಗಿ, ಮತ್ತೆ ತಾನೇ ಆನ್ ಆಗ್ತಾ ಕೂತಿತ್ತು ಕಣ್ರೀ. ಅಜ್ಜಂಪುರದ ರಿಪೇರಿ ಅಂಗಡಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಚಾರ್ಜರ್ ಕಿತ್ತೆ, ಬೈದೆ. ಕೊನೆಗೆ ನೋಡಿದ್ರೆ, ಪವರ್ ಬಟನ್ ಸುತ್ತ ವಿಭೂತಿ ಒಣಗಿ, ಬಟನ್ ಒತ್ತಿದ ಹಾಗೇ ಕಚ್ಕೊಂಡಿದೆ!

"ಅತ್ತೇ, ಇದಕ್ಯಾಕೆ ವಿಭೂತಿ ಹಚ್ಚಿದ್ರಿ?" ಅಂತ ರೇಗಿದೆ.

"ಸೋಮವಾರ ಟ್ರ್ಯಾಕ್ಟರ್‌ಗೆ ಹಚ್ಚಲ್ವೇನೇ? ಅದು ನನ್ ಮಗನ ದುಡಿಮೆ, ಇದು ನಿಂದು" ಅಂದ್ರು.

ಇಷ್ಟು ದಿನ ನಾನೇನು ಕೆಲಸ ಮಾಡ್ತೀನಿ ಅಂತ ಯಾರಾದ್ರೂ ಕೇಳಿದ್ರೆ "ಸೊಸೆ ಅದರ ಮುಂದೆ ಕೂತಿರ್ತಾಳೆ" ಅಂತಿದ್ದವರು ಇವರೇ.

ಕಡ್ಡಿಯಿಂದ ಬಟನ್ ಕೆರೆದು ಸರಿ ಮಾಡ್ಕೊಂಡೆ. ಪಾಠ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಅತ್ತೆಗೆ ಮುಚ್ಚಳ ತೋರಿಸ್ದೆ: "ಮುಂದಿನ ವಾರದಿಂದ ಇಲ್ಲಿ ಹಚ್ಚಿ. ಎಲ್ಲರಿಗೂ ಕಾಣಬೇಕು."